ಸೇತುವೆಗಳೂ ಸ್ನ್ಯಾಪರ್ ಮೀನೂ: ಫ್ಲಾರಿಡಾದ ಒಂದು ರೈಲುದಾರಿಯ ಉತ್ತರಚರಿತ್ರೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಮೂಲೆಯಲ್ಲಿ ಫ್ಲಾರಿಡಾ ಪರ್ಯಾಯದ್ವೀಪವು ಮುಗಿಯುವೆಡೆಯಿಂದ ನೈಋತ್ಯಕ್ಕೆ ಬಿಲ್ಲಿನಂತೆ ಬಾಗಿ ಒಂದು ದ್ವೀಪಮಾಲೆಯು ಹಬ್ಬಿರುವುದು. ಇದಕ್ಕೆ ಫ್ಲಾರಿಡಾ ಕೀಸ್ ಎಂದು ಹೆಸರು. ಇಲ್ಲಿಯ ‘ಕೀ’ ಶಬ್ದಕ್ಕೂ ಬೀಗದ ಕೈಗೂ ಯಾವ ಸಂಬಂಧವೂ ಇಲ್ಲ. ಸಣ್ಣ ದ್ವೀಪವೆಂಬ ಅರ್ಥವುಳ್ಳ ‘ಕಾಯೊ’ ಎಂಬ ಸ್ಪ್ಯಾನಿಷ್ ಶಬ್ದವು ಆಂಗ್ಲರ ಬಾಯಲ್ಲಿ ಹೀಗಾಯಿತು. ಮಾಲೆಯ ತುದಿಯಲ್ಲಿರುವ ಕೀ ವೆಸ್ಟ್ ಊರಿನ ಹೆಸರು ಪಶ್ಚಿಮದಿಕ್ಕನ್ನು ಸೂಚಿಸುವಂತೆ ಕಂಡರೂ, ಅದು ‘ಎಲುಬಿನ ದ್ವೀಪ’ವೆಂಬರ್ಥದ ‘ಕಾಯೊ ವೆಸೊ’ ಎಂಬುದರ ಅಪಭ್ರಂಶವೇ ಸರಿ.

ಈ ದ್ವೀಪಗಳನ್ನು ಒಂದಕ್ಕೊಂದು ಪೋಣಿಸಿದ ರೈಲುದಾರಿಯ ಕಥೆಯನ್ನು ಬರೆದವರು ಅನೇಕರು. ಆ ಕಥೆಯು ಸಾಮಾನ್ಯವಾಗಿ ೧೯೧೨ರ ವೈಭವಕ್ಕೇರಿ ೧೯೩೫ರ ಬಿರುಗಾಳಿಯೊಂದಿಗೆ ಮುಗಿಯುತ್ತದೆ. ಆದರೆ ಅಲ್ಲಿ ರೈಲು ಓಡಿದುದು ೨೩ ವರ್ಷ ಮಾತ್ರ. ಅದೇ ಸೇತುವೆಗಳ ಮೇಲೆ ನಿಂತು ಜನರು ಗಾಳ ಹಾಕಲಾರಂಭಿಸಿ ೮೦ ವರ್ಷಗಳಿಗೂ ಮೇಲಾಯಿತು. ಕಟ್ಟಡವೊಂದರ ಚರಿತ್ರೆಯನ್ನು ಕಟ್ಟಿಸಿದವನ ಉದ್ದೇಶದೊಡನೆ ಮುಗಿಸಿಬಿಡುವುದು ಸುಲಭ. ಜನರು ಅದನ್ನು ಬಳಸಿಕೊಂಡ ಬಗೆಯನ್ನೂ ಲೆಕ್ಕಕ್ಕೆ ತಂದುಕೊಂಡರೆ ಇಲ್ಲಿ ರೈಲಿನ ಕಾಲವು ಪೀಠಿಕೆಯಷ್ಟೇ ಆಗಿ ತೋರುತ್ತದೆ. ಅಲ್ಲದೆ, ದೋಣಿಯಿಲ್ಲದ ಬಡವನಿಗೆ ಕಡಲಿನ ಮೀನು ದಕ್ಕುವುದು ಹೇಗೆ ಎಂಬ ಪ್ರಶ್ನೆಯೂ ಈ ಉತ್ತರಚರಿತ್ರೆಯಲ್ಲಿ ಅಡಗಿದೆ.

ಈ ಸೇತುವೆಗಳ ಕೆಳಗೆ ಗಾಳಕ್ಕೆ ಸಿಕ್ಕುವ ಮೀನುಗಳಲ್ಲಿ ಬೂದು ಸ್ನ್ಯಾಪರ್ ಮುಖ್ಯವಾದುದು. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಬೆಳೆಯುವುದರಿಂದ ಇದಕ್ಕೆ ಮ್ಯಾಂಗ್ರೋವ್ ಸ್ನ್ಯಾಪರ್ ಎಂದೂ ಹೆಸರುಂಟು. ಸ್ನ್ಯಾಪರ್ ಎಂದರೆ ಛಟ್ಟನೆ ಬಾಯಿ ಹಾಕಿ ಕಚ್ಚುವುದು. ಗಾಳ ಬಿಡಿಸುವಾಗ ಎಚ್ಚರ ತಪ್ಪಿದವನ ಬೆರಳು ಈ ವ್ಯುತ್ಪತ್ತಿಯನ್ನು ಬಲ್ಲದು. ಮಾರ್ಕ್ ಕೇಟ್ಸ್‌ಬಿ ಎಂಬ ಆಂಗ್ಲ ಪ್ರಕೃತಿಶಾಸ್ತ್ರಜ್ಞನು ೧೭೩೧ರಿಂದ ೧೭೪೩ರವರೆಗೆ ಹೊರತಂದ ಕೆರೊಲೈನಾ, ಫ್ಲಾರಿಡಾ ಮತ್ತು ಬಹಾಮಾ ದ್ವೀಪಗಳ ಪ್ರಕೃತಿಚರಿತ್ರೆಯಲ್ಲಿ ಇದರ ಚಿತ್ರವಿದೆ. ಅದನ್ನು ಆಧರಿಸಿ ೧೭೫೮ರಲ್ಲಿ ಲಿನೇಯಸನು ಇದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು. ಬೂದು ಬಣ್ಣವನ್ನು ಸೂಚಿಸುವ ‘ಗ್ರಿಸಿಯಸ್’ ಎಂಬ ವಿಶೇಷಣವು ಅವನದೇ. ‘ಲುಟ್ಜಾನಸ್’ ಎಂಬ ಕುಲನಾಮವನ್ನು ೧೭೯೦ರಲ್ಲಿ ಬಳಕೆಗೆ ತಂದವನು ಬ್ಲಾಕ್ ಎಂಬ ಜರ್ಮನ್ ಪಂಡಿತನು. ಅದರ ಮೂಲ ಮಲಯ ಭಾಷೆಯ ‘ಇಕಾನ್ ಲುಟ್ಜಂಗ್’. ಮಲಯದ ಬೆಸ್ತರ ಮಾತು ಅಟ್ಲಾಂಟಿಕ್ ಸಮುದ್ರದ ಮೀನಿಗೆ ಹೆಸರಾಗಿ ನಿಂತುದು ಶಬ್ದಗಳ ಪ್ರವಾಸದಲ್ಲಿ ಒಂದು ವಿನೋದ. ಕನ್ನಡ ಕರಾವಳಿಯಲ್ಲಿಯೂ ಈ ಕುಲದ ಮೀನುಗಳುಂಟು. ಮಂಗಳೂರಿನ ಕಡೆಯಲ್ಲಿ ಕೆಂಬೇರಿ ಎಂದು ಕರೆಯುವುದು ಇವುಗಳನ್ನೇ. ಬೂದು ಸ್ನ್ಯಾಪರಿಗೆ ಫ್ಲಾರಿಡಾದಲ್ಲಿ ‘ವಕೀಲ’ನೆಂಬ ಅಡ್ಡಹೆಸರೂ ಬಿದ್ದಿದೆ. ಎರೆಯನ್ನು ತಿಂದು ಗಾಳವನ್ನು ಬಿಡುವ ಅದರ ಜಾಣತನವೇ ಇದಕ್ಕೆ ಕಾರಣವೆನ್ನುವರು.

ಇದರ ಮರಿಗಳು ಕಡಲಹುಲ್ಲಿನ ಬಯಲುಗಳಲ್ಲಿಯೂ ಕಾಂಡ್ಲಾ ಬೇರುಗಳ ನಡುವೆಯೂ ಬೆಳೆದು, ದೊಡ್ಡವಾದಂತೆಲ್ಲ ಆಳವಾದ ಕಾಲುವೆಗಳಿಗೂ ಹವಳದ ದಿಣ್ಣೆಗಳಿಗೂ ಸರಿಯುತ್ತವೆ. ಬೇಸಗೆಯಲ್ಲಿ ಹೊರಗಡಲಿಗೆ ಹೋಗಿ ಮೊಟ್ಟೆಯಿಡುತ್ತವೆ. ಹಗಲು ಯಾವುದಾದರೊಂದು ಆಸರೆಯನ್ನು ಹಿಡಿದಿದ್ದು, ಕತ್ತಲಾದ ಮೇಲೆ ಸೀಗಡಿ, ಏಡಿ, ಸಣ್ಣಮೀನುಗಳನ್ನು ಅರಸಿ ಹೊರಡುವುದು ಇವುಗಳ ಸ್ವಭಾವ. ದ್ವೀಪಗಳ ನಡುವಣ ಕಾಲುವೆಗಳಲ್ಲಿ ಮೆಕ್ಸಿಕೋ ಖಾರಿಗೂ ಅಟ್ಲಾಂಟಿಕ್ ಸಮುದ್ರಕ್ಕೂ ಮಧ್ಯೆ ಉಬ್ಬರವಿಳಿತಗಳ ನೀರು ರಭಸದಿಂದ ಹಾಯುತ್ತದೆ. ಅಂಥ ಹರಿವಿನಲ್ಲಿ ಕಂಬವೊಂದನ್ನು ನಿಲ್ಲಿಸಿದರೆ ಅದರ ಮರೆಯಲ್ಲಿ ನೀರು ಶಾಂತವಾಗುವುದು. ಕಂಬದ ಮೈಗೆ ಚಿಪ್ಪಿನ ಜೀವಿಗಳು ಅಂಟುವುವು. ಅವುಗಳ ನಡುವೆ ಏಡಿಗಳು ಸೇರುವುವು. ಅವನ್ನು ತಿನ್ನಲು ಸ್ನ್ಯಾಪರ್ ಬರುವುದು. ಸೇತುವೆಯ ಎಂಜಿನಿಯರುಗಳು ತಮಗರಿವಿಲ್ಲದೆಯೇ ಸಾಲುಸಾಲಾಗಿ ಮೀನಿನ ಮನೆಗಳನ್ನು ಕಟ್ಟಿದಂತಾಯಿತು.

ಸೇತುವೆಗಳಿಲ್ಲದ ಕಾಲದಲ್ಲಿ ಇಲ್ಲಿಯ ಮೀನುಗಾರಿಕೆ ದೋಣಿಯುಳ್ಳವರದಾಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೀ ವೆಸ್ಟಿನ ಹಾಯಿದೋಣಿಗಳು ಒಡಲಿನ ನೀರುಕೊಳಗಳಲ್ಲಿ ಗ್ರೂಪರ್, ಸ್ನ್ಯಾಪರ್ ಮೊದಲಾದ ಮೀನುಗಳನ್ನು ಜೀವಸಹಿತ ತುಂಬಿಕೊಂಡು ಕ್ಯೂಬಾದ ಹವಾನಾ ಪೇಟೆಗೆ ಒಯ್ಯುತ್ತಿದ್ದುವು. ಆ ಕ್ಯೂಬಾದ ವ್ಯಾಪಾರದ ಮೇಲೆಯೇ ಹೆನ್ರಿ ಫ್ಲ್ಯಾಗ್ಲರನ ಕಣ್ಣೂ ಬಿದ್ದಿತು. ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯಲ್ಲಿ ರಾಕಿಫೆಲರನ ಪಾಲುಗಾರನಾಗಿದ್ದು ಅಪಾರವಾದ ಹಣವನ್ನು ಗಳಿಸಿದ್ದ ಈತನು, ಪನಾಮಾ ಕಾಲುವೆಯು ತೆರೆದರೆ ಕೀ ವೆಸ್ಟ್ ದೊಡ್ಡ ರೇವಾಗುವುದೆಂಬ ನಂಬಿಕೆಯಿಂದ ೧೯೦೫ರಲ್ಲಿ ಕೆಲಸವನ್ನು ಆರಂಭಿಸಿದನು. ಕೂಲಿಗಳು ನ್ಯೂಯಾರ್ಕಿನಿಂದಲೂ ಬಹಾಮಾ, ಕೇಮನ್ ದ್ವೀಪಗಳಿಂದಲೂ ಬಂದರು. ೧೯೦೬ನೆಯ ಅಕ್ಟೋಬರ್ ೧೮ರಂದು ಎದ್ದ ಬಿರುಗಾಳಿಯು ಲಾಂಗ್ ಕೀಯಲ್ಲಿ ಅವರು ಮಲಗುತ್ತಿದ್ದ ತೇಲುಮನೆಯೊಂದನ್ನು ಕಡಲಿಗೆ ಎಳೆದೊಯ್ದಿತು. ಆ ಬಿರುಗಾಳಿಯಲ್ಲಿ ಸತ್ತ ಕೂಲಿಗಳು ನೂರಕ್ಕೂ ಹೆಚ್ಚು. ೧೯೦೯ರಲ್ಲಿಯೂ ೧೯೧೦ರಲ್ಲಿಯೂ ಮತ್ತೆ ಬಿರುಗಾಳಿ. ಮುಖ್ಯ ಎಂಜಿನಿಯರನಾದ ಮೆರೆಡಿತ್ ೧೯೦೯ರಲ್ಲಿ ತೀರಿಕೊಂಡನು. ಕ್ರೋಮ್ ಎಂಬವನು ಕೆಲಸವನ್ನು ಮುಗಿಸಿದನು. ೧೯೧೨ನೆಯ ಜನವರಿ ೨೨ರಂದು ೮೨ ವಯಸ್ಸಿನ ಫ್ಲ್ಯಾಗ್ಲರನು ರೈಲಿನಲ್ಲಿ ಕೀ ವೆಸ್ಟಿಗೆ ಬಂದಿಳಿದು, ಮರುವರ್ಷ ಮೇ ತಿಂಗಳಲ್ಲಿ ಗತಿಸಿದನು. ಅವನು ಎಣಿಸಿದಷ್ಟು ವ್ಯಾಪಾರವು ಆ ದಾರಿಗೆ ಬರಲೇ ಇಲ್ಲ.

ಬಂದವರು ವಿಲಾಸಿಗಳು. ಕೂಲಿಗಳು ಕೊಚ್ಚಿಹೋದ ಆ ಲಾಂಗ್ ಕೀಯಲ್ಲಿಯೇ ರೈಲು ಕಂಪೆನಿಯು ಧನಿಕರಿಗಾಗಿ ಮೀನುಬೇಟೆಯ ಬಿಡಾರವನ್ನು ನಡೆಸಿತು. ೧೯೧೭ರಲ್ಲಿ ಅಲ್ಲಿ ಒಂದು ಕ್ಲಬ್ಬು ಏರ್ಪಟ್ಟಾಗ ಪ್ರಸಿದ್ಧ ಕಾದಂಬರಿಕಾರನಾದ ಜೇನ್ ಗ್ರೇ ಅದರ ಅಧ್ಯಕ್ಷನಾದನು. ಇವರ ಲಕ್ಷ್ಯವೆಲ್ಲ ಆಳಗಡಲಿನ ಹಾಯಿಮೀನಿನ ಮೇಲೆ. ಅದಕ್ಕೆ ದೋಣಿ ಬೇಕು, ದಾರಿ ತೋರುವ ಆಳು ಬೇಕು, ಬಿಡುವು ಬೇಕು. ಬಿಡಾರದ ಬಳಿಯಲ್ಲಿಯೇ ೨ ಮೈಲಿಗೂ ಮೀರಿ ಚಾಚಿದ್ದ ಕಮಾನು ಸೇತುವೆಯ ಕೆಳಗಣ ಸ್ನ್ಯಾಪರ್ ಇಂಥವರ ಬಿರುದಿಗೆ ಸಾಲದಾಗಿದ್ದಿತು.

೧೯೩೫ನೆಯ ಸೆಪ್ಟೆಂಬರ್ ೨ರಂದು ಬಂದ ಬಿರುಗಾಳಿಯು ಈ ಬಿಡಾರವನ್ನೂ ಬಿಡಲಿಲ್ಲ. ಸತ್ತವರು ೪೦೦ಕ್ಕೂ ಹೆಚ್ಚು; ಅವರಲ್ಲಿ ಅರ್ಧಕ್ಕಿಂತ ಅಧಿಕ ಮಂದಿ ಮೊದಲನೆಯ ಮಹಾಯುದ್ಧದಲ್ಲಿ ಕಾದಾಡಿದ ಸೈನಿಕರು. ಕೆಲಸವಿಲ್ಲದ ಇವರನ್ನು ಸರ್ಕಾರವು ಮೋಟಾರು ರಸ್ತೆಗಾಗಿ ಸೇತುವೆ ಕಟ್ಟಲು ಅಲ್ಲಿಗೆ ಕಳುಹಿಸಿ, ತೀರದ ದುರ್ಬಲವಾದ ಶಿಬಿರಗಳಲ್ಲಿ ಇರಿಸಿದ್ದಿತು. ಇವರನ್ನು ಕರೆತರಲು ಮಯಾಮಿಯಿಂದ ಹೊರಟ ರೈಲು ತಡವಾಗಿ ತಲಪಿತು. ಐಲಮೊರಾಡದಲ್ಲಿ ಎಂಜಿನ್ನೊಂದನ್ನುಳಿದು ಗಾಡಿಗಳೆಲ್ಲ ಹಳಿಯಿಂದ ಉರುಳಿದುವು. ಆಗ ಕೀ ವೆಸ್ಟಿನಲ್ಲಿ ವಾಸವಾಗಿದ್ದ ಹೆಮಿಂಗ್ವೇ ಹೆಣಗಳನ್ನು ಕಣ್ಣಾರೆ ಕಂಡು, ಅಧಿಕಾರಿಗಳನ್ನು ಕಟುವಾಗಿ ಪ್ರಶ್ನಿಸುವ ಲೇಖನವನ್ನು ‘ನ್ಯೂ ಮಾಸಸ್’ ಪತ್ರಿಕೆಗೆ ಬರೆದನು. ಲೋಯರ್ ಮ್ಯಾಟೆಕಂಬೆ ದ್ವೀಪದ ಬಳಿ ಆ ಸೈನಿಕರು ಕಟ್ಟಲಾರಂಭಿಸಿದ್ದ ಸೇತುವೆಯ ೮ ಕಂಬಗಳು ಮಾತ್ರ ನೀರಿನಲ್ಲಿ ಉಳಿದುವು.

ಈ ಅನಾಹುತದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮಣ್ಣುಕಲ್ಲುಗಳ ದಿಬ್ಬದ ಮೇಲೆ ಹಾಕಿದ್ದ ಹಳಿಗಳು ಮೈಲಿಗಟ್ಟಲೆ ಕೊಚ್ಚಿಹೋದರೂ ಕಾಂಕ್ರೀಟಿನ ಸೇತುವೆಗಳು ನಿಂತುವು. ರೈಲು ಕಂಪೆನಿಯು ಮೊದಲೇ ದಿವಾಳಿಯ ಸ್ಥಿತಿಯಲ್ಲಿದ್ದುದರಿಂದ ದಾರಿಯನ್ನು ಸರಿಪಡಿಸುವ ಗೋಜಿಗೆ ಹೋಗಲಿಲ್ಲ. ಫ್ಲಾರಿಡಾ ಸಂಸ್ಥಾನವು ಅದನ್ನು ೬,೪೦,೦೦೦ ಡಾಲರುಗಳಿಗೆ ಕೊಂಡಿತು. ಒಂದೇ ಹಳಿದಾರಿಗೆ ತಕ್ಕಷ್ಟು ಅಗಲವಾಗಿದ್ದ ಸೇತುವೆಗಳ ಮೇಲೆ ಹೊರಚಾಚಿದ ರಸ್ತೆಯನ್ನು ಕಟ್ಟಿ ೧೯೩೮ರಲ್ಲಿ ಮೋಟಾರುಗಳಿಗೆ ತೆರೆದರು. ಕಿತ್ತ ಕಂಬಿಗಳು ಅಂಚಿನ ಕಟಕಟೆಗಳಾದುವು. ೧೯೫೪ರಲ್ಲಿ ರಸ್ತೆಯ ಸುಂಕವೂ ನಿಂತಿತು. ಅಂದಿನಿಂದ ಮಯಾಮಿಯ ಕೆಲಸಗಾರನೊಬ್ಬನು ರಜೆಯ ದಿನ ಗಾಳದ ಕೋಲನ್ನೂ ಒಂದು ಡಬ್ಬಿ ಸೀಗಡಿಯನ್ನೂ ತೆಗೆದುಕೊಂಡು ಹೊರಟು, ಫ್ಲ್ಯಾಗ್ಲರನ ಕಂಬಿಗೆ ಒರಗಿ ನಿಂತು, ಯಾರಿಗೂ ಬಾಡಿಗೆ ಕೊಡದೆ ಆಳವಾದ ಕಾಲುವೆಯ ನಡುನೀರಿಗೆ ಗಾಳ ಹಾಕಬಹುದಾಯಿತು.

ಇಲ್ಲಿಯ ಹಿಡಿಯುವ ಕ್ರಮವೂ ಸ್ಥಳಕ್ಕೆ ತಕ್ಕಂತೆ ಬೆಳೆದಿದೆ. ಬೂದು ಸ್ನ್ಯಾಪರಿನ ದೃಷ್ಟಿ ಬಹಳ ಚುರುಕು. ದಪ್ಪನಾದ ದಾರವನ್ನೋ ಭಾರವಾದ ಸೀಸದ ಗುಂಡನ್ನೋ ಕಂಡರೆ ಹತ್ತಿರ ಸುಳಿಯದು. ಆದುದರಿಂದ ಸಣ್ಣ ಗಾಳಕ್ಕೆ ಜೀವಂತ ಸೀಗಡಿಯನ್ನು ಚುಚ್ಚಿ, ನೀರಿನಲ್ಲಿ ಕಾಣದಂಥ ತೆಳುವಾದ ಎಳೆಯನ್ನು ಕಟ್ಟಿ, ಎರೆಯು ಹರಿವಿನೊಡನೆ ತಾನಾಗಿಯೇ ತೇಲಿಬಂದಂತೆ ಕಂಬದ ಮರೆಗೆ ಬಿಡುವರು. ಮೀನನ್ನು ಕಂಬದಿಂದ ಹೊರಕ್ಕೆ ಸೆಳೆಯಲು ಕೊಚ್ಚಿದ ಮೀನಿನ ಚೂರುಗಳನ್ನು ಬಲೆಚೀಲದಲ್ಲಿಟ್ಟು ಇಳಿಬಿಡುವುದೂ ಉಂಟು. ಉಬ್ಬರವು ಇಳಿತಕ್ಕೆ ತಿರುಗುವ ಹೊತ್ತಿನ ಹಿಂದುಮುಂದೆ, ಹರಿವು ಮಂದವಾದಾಗ, ಕೆಲಸ ಸುಲಭ. ನೀರು ಪೂರ್ಣವೇಗದಿಂದ ಹಾಯುವಾಗ ಹಗುರವಾದ ಎರೆಯು ತಳಕ್ಕಿಳಿಯುವುದೇ ಇಲ್ಲ. ರಾತ್ರಿಯಲ್ಲಿ ಸೇತುವೆಯ ದೀಪಗಳು ನೀರಿನ ಮೇಲೆ ಬೆಳಕುಕತ್ತಲೆಗಳ ಒಂದು ಗೆರೆಯನ್ನೆಳೆಯುತ್ತವೆ. ಮೀನು ಕತ್ತಲೆಯಲ್ಲಿ ನಿಂತು ಬೆಳಕಿನಲ್ಲಿ ಸಾಗುವ ಸೀಗಡಿಗೆ ಹೊಂಚುವುದರಿಂದ ಎರೆಯು ಆ ಗೆರೆಯ ಮೇಲೆಯೇ ಹಾಯಬೇಕು. ಕಚ್ಚಿದೊಡನೆಯೇ ಎತ್ತಬೇಕು, ಒಂದು ಕ್ಷಣ ಸಡಿಲವಾದರೂ ಅದು ಕಂಬದ ಬುಡಕ್ಕೆ ನುಗ್ಗುತ್ತದೆ, ಅಲ್ಲಿಯ ಚಿಪ್ಪುಗಳ ಅಂಚಿಗೆ ದಾರವು ಕತ್ತರಿಸಿಹೋಗುತ್ತದೆ. ದೊಡ್ಡ ಮೀನಾದರೆ ಅಷ್ಟು ಎತ್ತರಕ್ಕೆ ದಾರದಿಂದಲೇ ಎಳೆಯುವಂತಿಲ್ಲ. ಹಗ್ಗಕ್ಕೆ ಕಟ್ಟಿದ ಬಳೆಯಾಕಾರದ ಬಲೆಯನ್ನು ಕೆಳಗಿಳಿಸಿ ಅದರೊಳಕ್ಕೆ ಸಾಗಿಸಿಕೊಳ್ಳಬೇಕು. ಇದಕ್ಕೆ ಪಕ್ಕದವನ ಸಹಾಯ ಬೇಕಾಗುತ್ತದೆ. ಹಾಯಿಮೀನಿನ ಬೇಟೆಯ ಮೇಲೆ ಗ್ರಂಥಗಳೇ ಹುಟ್ಟಿವೆ. ಈ ಸೇತುವೆಯ ವಿದ್ಯೆಯಾದರೋ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದುದು.

ಇಕ್ಕಟ್ಟಾದ ರಸ್ತೆಯಲ್ಲಿ ಬೆನ್ನ ಹಿಂದೆಯೇ ಮೋಟಾರುಗಳು ಹಾಯುತ್ತಿದ್ದುದರಿಂದ ಅಪಾಯವಿಲ್ಲದಿರಲಿಲ್ಲ. ೧೯೭೮ರಿಂದ ೧೯೮೩ರವರೆಗಿನ ಅವಧಿಯಲ್ಲಿ ಹೊಸ ಸೇತುವೆಗಳನ್ನು ಪಕ್ಕದಲ್ಲಿಯೇ ಕಟ್ಟಿ ವಾಹನಗಳನ್ನು ಅವುಗಳ ಮೇಲೆ ತಿರುಗಿಸಿದರು. ಹಳೆಯವುಗಳಲ್ಲಿ ಹಲವನ್ನು ಕೆಡವದೆ ಗಾಳದವರಿಗೂ ನಡೆದುಹೋಗುವವರಿಗೂ ಬಿಟ್ಟುಕೊಟ್ಟುದು ಆ ಸಂಸ್ಥಾನದ ಆಡಳಿತವು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ಲಾಂಗ್ ಕೀಯ ಕಮಾನು ಸೇತುವೆಯ ಮೇಲೆ ಈಗಲೂ ಗಾಳ ಹಾಕುತ್ತಾರೆ. ಬಾಹಿಯಾ ಹಾಂಡಾದ ಹಳೆಯ ಉಕ್ಕಿನ ಸೇತುವೆಯಲ್ಲಿ ಮಧ್ಯದ ಭಾಗವನ್ನು ತೆಗೆದುಹಾಕಿದ್ದಾರೆ. ಏಳು ಮೈಲಿಯ ಹಳೆಯ ಸೇತುವೆಯು ೧೯೭೯ರಲ್ಲಿ ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಶಿಥಿಲವಾದುದರಿಂದ ೨೦೦೮ರಲ್ಲಿ ಅದರ ಮೇಲೆ ವಾಹನಗಳನ್ನು ತಡೆದರು. ಪಿಜನ್ ಕೀ ದ್ವೀಪದವರೆಗಿನ ೨ ಮೈಲಿಗೂ ಮಿಕ್ಕ ಭಾಗವು ದುರಸ್ತಿಯಾಗಿ ೨೦೨೨ರಲ್ಲಿ ಕಾಲ್ನಡಿಗೆಗೂ ಸೈಕಲ್ಲುಗಳಿಗೂ ತೆರೆಯಿತು. ಹಿಡಿಯಬಹುದಾದ ಸ್ನ್ಯಾಪರಿನ ಕನಿಷ್ಠ ಉದ್ದವನ್ನೂ ಒಬ್ಬನಿಗೆ ದಿನಕ್ಕೆ ಎಷ್ಟೆಂಬುದನ್ನೂ ಕಾನೂನು ಗೊತ್ತುಪಡಿಸಿದೆ. ದೋಣಿಯಿಲ್ಲದೆ ತೀರದಿಂದಲೋ ಧಕ್ಕೆಯಿಂದಲೋ ಸೇತುವೆಯಿಂದಲೋ ಮಾತ್ರ ಗಾಳ ಹಾಕುವ ಸಂಸ್ಥಾನದ ನಿವಾಸಿಗೆ ಪರವಾನಗಿಯು ಶುಲ್ಕವಿಲ್ಲದೆ ದೊರೆಯುತ್ತದೆ.