ಹರಿಹರದ ಲೇತೂ ಹಿಡಿತದ ಗುಟ್ಟೂ

ದಾವಣಗೆರೆಯ ಹತ್ತಿ ಗಿರಣಿಗಳನ್ನು ದಾಟಿ ತುಂಗಭದ್ರೆಯ ದಡದ ಹರಿಹರಕ್ಕೆ ಬಂದರೆ, 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ನೆನಪು ನಮಗಾಗುತ್ತದೆ. ಯುದ್ಧಕಾಲದಲ್ಲಿ ಪರದೇಶದ ಯಂತ್ರಗಳು ದುರ್ಲಭವಾಗಿದ್ದಾಗ ಲೇತುಗಳನ್ನು ನಿರ್ಮಿಸಲು ಹೊರಟ ಸಂಸ್ಥೆಯದು.

ಲೇತಿನ ಜೀವವೆಂದರೆ ತಿರುಗುವ ದಂಡ; ಅದರ ಬಲವನ್ನು ಚಕ್ರಕ್ಕೆ ದಾಟಿಸುವುದು ಹಿಡಿತ. ಕೀಲು ಕೂರಿಸಲು ತೋಡು ಕೊರೆದರೆ ದಂಡ ಬಡವಾಗುತ್ತದೆ. ಬಿಗಿಯುವ ಉಂಗುರಕ್ಕೆ ತೋಡು ಬೇಡ. ಘರ್ಷಣೆಯೇ ಅದಕ್ಕೆ ಆಧಾರ. ಒತ್ತಡ, ಸ್ಪರ್ಶದ ಉದ್ದ, ಮೈಯ ನಯ, ಇವುಗಳ ಮೇಲೆ ಅದು ದಾಟಿಸುವ ತಿರುಗುಬಲ ನಿಂತಿದೆ. ಒತ್ತಡವೂ ಉದ್ದವೂ ಅಷ್ಟೇ ಇದ್ದು ವ್ಯಾಸ ಇಮ್ಮಡಿಯಾದರೆ ಆ ಬಲ ನಾಲ್ಮಡಿ. ಆದರೆ ಎಣ್ಣೆಯ ತೆಳುಪದರವೊಂದು ಹಿಡಿತವನ್ನು ಸಡಿಲಿಸಬಲ್ಲದು.

ಆ ಕಾರ್ಖಾನೆ ಈಗ ಮುಚ್ಚಿದೆ. ಕೈಯಿಂದ ಕೈಗೆ ಬಂದ ಕುಶಲತೆಯಾದರೂ ಜಾರದಂತೆ ಕಾಯುವುದು ನಮ್ಮೆಲ್ಲರ ಹೊಣೆ.