ಕತ್ತಿನ ಗಂಟು ಮತ್ತು ಸೂಜಿಯ ಮೊನೆ

ನಾಗಪುರದ ಹಿಂಗಣಾ ರಸ್ತೆಯಲ್ಲಿ ಲತಾ ಮಂಗೇಶ್ಕರ್ ಆಸ್ಪತ್ರೆ ಇದೆ. 1990ರಲ್ಲಿ ಆರಂಭವಾದ ಎನ್.ಕೆ.ಪಿ. ಸಾಳ್ವೆ ವೈದ್ಯಕೀಯ ಕಾಲೇಜು ಅದರೊಡನೆ ಸೇರಿಕೊಂಡಿದೆ. ಹೊರನಾಡಿನಲ್ಲಿ ನೆಲೆಸಿದ ನಮ್ಮವರು ಕತ್ತಿನ ಗಂಟನ್ನು ತೋರಿಸಲು ಇಂಥ ಆಸ್ಪತ್ರೆಗೆ ಹೋದರೆ, ವೈದ್ಯರು ಸಾಮಾನ್ಯವಾಗಿ ಸೂಜಿ ಪರೀಕ್ಷೆಗೆ ಬರೆದುಕೊಡುತ್ತಾರೆ. ಮನೆಯ ಹಿರಿಯರಾದರೋ "ಸೂಜಿ ಚುಚ್ಚಿದರೆ ಗಂಟು ಕೆರಳೀತು" ಎಂದು ಅಂಜುತ್ತಾರೆ. ಈ ಅಂಜಿಕೆ ಒಂದು ಕಾಲಕ್ಕೆ ವೈದ್ಯರಲ್ಲಿಯೂ ಇತ್ತು.

1904ರಲ್ಲಿ ಗ್ರೆಗ್ ಮತ್ತು ಗ್ರೇ ಎಂಬ ವೈದ್ಯರು ಆಫ್ರಿಕದ ನಿದ್ರಾರೋಗಿಗಳ ಕತ್ತಿನ ಗ್ರಂಥಿಗಳಿಂದ ಸೂಜಿಯಲ್ಲಿ ರಸ ತೆಗೆದು ರೋಗಾಣುಗಳನ್ನು ಕಂಡರು. 1930ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್, ತಮ್ಮ ಸಹಾಯಕ ಎಲ್ಲಿಸ್ ಅವರೊಡನೆ ಇದೇ ವಿಧಾನವನ್ನು ಗಡ್ಡೆಗಳಿಗೆ ಬಳಸಿದ ವರದಿ ಪ್ರಕಟಿಸಿದರು. ಮಾರ್ಟಿನ್ ತಲೆ-ಕತ್ತುಗಳ ಶಸ್ತ್ರವೈದ್ಯರು. ಕತ್ತಿನ ಗಂಟನ್ನು ಅವಸರದಲ್ಲಿ ಕೊಯ್ದು ನೋಡಬಾರದೆಂಬುದು ಅವರ ನಿಲುವು. ಆದರೆ ಅವರ ಸೂಜಿ ದಪ್ಪವಾಗಿತ್ತು. ಚುಚ್ಚಿದ ದಾರಿಯಲ್ಲಿ ಕ್ಯಾನ್ಸರ್ ಹರಡೀತೆಂದು ಅನೇಕರು ಹಿಂಜರಿದರು.

ಈ ಅಂಜಿಕೆಯನ್ನು ಕಳೆದವರಲ್ಲಿ ಸ್ವೀಡನ್ನಿನ ಫ್ರಾಂಜೆನ್, ಜಾಯಿಚೆಕ್ ಮುಂತಾದವರು ಪ್ರಮುಖರು. 1950-60ರ ದಶಕಗಳಲ್ಲಿ ಅವರು ತೆಳ್ಳನೆಯ ಸೂಜಿಯನ್ನು ಬಳಕೆಗೆ ತಂದರು. ಇಂದಿನ ಸೂಜಿ ರಕ್ತ ತೆಗೆಯುವ ಸೂಜಿಯಷ್ಟೇ ತೆಳುವು. ಅದರಿಂದ ಕ್ಯಾನ್ಸರ್ ಹರಡುವುದು ಬಲು ಅಪರೂಪ.

ಹೀಗೆ ತೆಗೆದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಮ್ಮ ದೇಶದಲ್ಲಿ ಕತ್ತಿನ ಗಂಟು ಎಷ್ಟೋ ಸಲ ಕ್ಷಯದ್ದಾಗಿರುತ್ತದೆ. ತಂಬಾಕಿನಿಂದ ಬರುವ ಬಾಯಿಯ ಕ್ಯಾನ್ಸರು ಒಳಪದರದಲ್ಲಿ ಹುಟ್ಟುತ್ತದೆ. ಸಾರ್ಕೋಮಾ ಸ್ನಾಯು, ಮೂಳೆ, ಮೃದ್ವಸ್ಥಿಗಳಲ್ಲಿ ಹುಟ್ಟುತ್ತದೆ. ತಲೆ-ಕತ್ತಿನ ಕ್ಯಾನ್ಸರುಗಳಲ್ಲಿ ಇದು ನೂರಕ್ಕೆ ಒಂದರಷ್ಟು. ಕದಿರಿನಂತೆ ಎರಡೂ ತುದಿ ಚೂಪಾದ ಜೀವಕೋಶಗಳು, ಅಥವಾ ಮಕ್ಕಳಲ್ಲಿ ಸಣ್ಣ ದುಂಡನೆಯ ಜೀವಕೋಶಗಳು ಕಂಡರೆ ವೈದ್ಯರಿಗೆ ಸಾರ್ಕೋಮಾದ ಸಂಶಯ ಬರುತ್ತದೆ. ಮೂರು ರೋಗಗಳಿಗೂ ಚಿಕಿತ್ಸೆ ಬೇರೆ ಬೇರೆ. ಆದ್ದರಿಂದಲೇ ಈ ಹನಿಗೆ ಇಷ್ಟು ಬೆಲೆ.

ಸೂಜಿಗೂ ಮಿತಿಯುಂಟು. ಬಿಡಿ ಜೀವಕೋಶಗಳಲ್ಲಿ ಅಂಗಾಂಶದ ರಚನೆ ಕಾಣದು. ಸಾರ್ಕೋಮಾದ ಬಗೆಯನ್ನು ನಿರ್ಧರಿಸಲು ಬಹುಮಟ್ಟಿಗೆ ಗಡ್ಡೆಯ ಚೂರೇ ಬೇಕು. ವೈದ್ಯರು ಎರಡನೆಯ ಪರೀಕ್ಷೆ ಹೇಳಿದರೆ ಮೊದಲನೆಯದು ವ್ಯರ್ಥವಾಯಿತೆಂದು ತಿಳಿಯಬಾರದು.

ನಮ್ಮಲ್ಲಿ ಅನೇಕರು ಚಿಕಿತ್ಸೆಗೆ ಊರಿಗೆ ಮರಳುತ್ತೇವೆ. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರೂ ಇದ್ದಾರೆ. ಹೊರಡುವಾಗ ವರದಿಯೊಂದಿಗೆ ಆ ಗಾಜಿನ ಪಟ್ಟಿಗಳನ್ನೂ ಕೇಳಿ ಪಡೆಯೋಣ. ಅಲ್ಲಿಯ ವೈದ್ಯರು ಅವನ್ನು ತಾವೇ ನೋಡಬಹುದು. ಎರಡು-ಮೂರು ವಾರ ಕಳೆದರೂ ಕರಗದ ಗಂಟನ್ನು ಮಾತ್ರ ಊರಿಗೆ ಹೋಗುವ ತನಕ ಮುಚ್ಚಿಡುವುದು ಬೇಡ.