ಕೇಸು ಒಬ್ಬನದು, ಫೀಸು ಯಾರದು?

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಮೂರು ವಾರದಿಂದ ಒಂದೇ ಜಗಳ. ಬಿಲ್ಡರ್ ಮೇಲೆ ಕೇಸು ಹಾಕಿದ್ದು ನಾಲ್ಕು ಮನೆಯವರು. ವಕೀಲರಿಗೆ ದುಡ್ಡು ಕೊಟ್ಟಿದ್ದೂ ಅವರೇ. ಈಗ ಬಿಲ್ಡರ್ ಎಲ್ಲ ಮನೆಗಳಿಗೂ ಹಣ ವಾಪಸ್ ಕೊಡೋಕೆ ಒಪ್ಪಿದ್ದಾನೆ. ‘ಫೀಸನ್ನ ಎಲ್ಲರೂ ಹಂಚಿಕೊಳ್ಳೋಣ’ ಅಂದಿದ್ದಕ್ಕೆ ಒಬ್ಬರ ಉತ್ತರ: ‘ಆ ವಕೀಲರನ್ನ ನಾನೇನು ಕರೆದಿದ್ನಾ?’

ಈ ಮಾತು ಓದಿದಾಗ ನನಗೆ ಫ್ರಾನ್ಸಿಸ್ ವೋಸ್ ನೆನಪಾದ.

ಅಮೆರಿಕದ ಫ್ಲಾರಿಡಾ ರಾಜ್ಯ 1855ರಲ್ಲಿ ತನ್ನ ಲಕ್ಷಾಂತರ ಎಕರೆ ಜಮೀನನ್ನು ಒಂದು ನಿಧಿಗೆ ಸೇರಿಸಿ, ಅದರ ಭರವಸೆಯ ಮೇಲೆ ರೈಲ್ವೆ ಕಂಪನಿಗಳು ಬಾಂಡ್ ಮಾರೋದಕ್ಕೆ ದಾರಿ ಮಾಡಿಕೊಟ್ಟಿತು. ಅಂತರ್ಯುದ್ಧದ ಹೊತ್ತಿಗೆ ರೈಲ್ವೆಗಳು ಸೋತವು, ಬಡ್ಡಿ ನಿಂತುಹೋಯಿತು. ನಿಧಿಯ ಟ್ರಸ್ಟಿಗಳು ರಾಜ್ಯದ ಗವರ್ನರ್ ಮತ್ತು ಅಧಿಕಾರಿಗಳೇ. ಅವರು ಸಾಲಗಾರರಿಗೆ ಕೊಡೋದು ಬಿಟ್ಟು ಜಮೀನನ್ನು ಪುಡಿಗಾಸಿಗೆ ಪರಭಾರೆ ಮಾಡ್ತಿದ್ದಾರೆ ಅನ್ನೋದು ಬಾಂಡ್ ಹಿಡಿದಿದ್ದ ವೋಸ್‌ನ ದೂರು. 1870ರಲ್ಲಿ ತನ್ನ ಪರವಾಗಿ ಮತ್ತು ಉಳಿದ ಬಾಂಡ್‌ದಾರರ ಪರವಾಗಿ ಕೇಸು ಹಾಕಿದ. ವರ್ಷಗಟ್ಟಲೆ ಅಲೆದ, ಕೈಯಿಂದಲೇ ಖರ್ಚು ಮಾಡಿದ.

ಕೇಸಿನಿಂದ ಜಮೀನಿನ ಪರಭಾರೆಗೆ ತಡೆ ಬಿತ್ತು. ನಿಧಿಗೆ ದುಡ್ಡು ಬಂತು, ಸುಮ್ಮನೆ ಕೂತಿದ್ದ ಬಾಂಡ್‌ದಾರರಿಗೂ ಪಾಲು ಸಿಕ್ಕಿತು. ಸಾಲದ ಭಾರ ಎಷ್ಟಿತ್ತೆಂದರೆ, ಅದನ್ನು ತೀರಿಸೋಕೆ 1881ರಲ್ಲಿ ಫ್ಲಾರಿಡಾ 40 ಲಕ್ಷ ಎಕರೆಯನ್ನು ಎಕರೆಗೆ 25 ಸೆಂಟಿನಂತೆ ಹ್ಯಾಮಿಲ್ಟನ್ ಡಿಸ್ಟನ್ ಎಂಬ ಉದ್ಯಮಿಗೆ ಮಾರಬೇಕಾಯಿತು.

ವೋಸ್ ತನ್ನ ಖರ್ಚು ಕೇಳಿದ. ಅಮೆರಿಕದಲ್ಲಿ ಸಾಮಾನ್ಯ ನಿಯಮ ಏನೆಂದರೆ, ಗೆದ್ದರೂ ಸೋತರೂ ಅವರವರ ವಕೀಲರ ಫೀಸು ಅವರವರದೇ. ಆದರೆ 1882ರ ‘ಟ್ರಸ್ಟೀಸ್ ವರ್ಸಸ್ ಗ್ರೀನೋ’ ತೀರ್ಪಿನಲ್ಲಿ ನ್ಯಾಯಮೂರ್ತಿ ಜೋಸೆಫ್ ಬ್ರಾಡ್ಲಿ ಅದಕ್ಕೊಂದು ವಿನಾಯಿತಿ ಕೊಟ್ಟರು. ಒಬ್ಬನ ದುಡ್ಡಿನಿಂದ ಎಲ್ಲರ ನಿಧಿ ಉಳಿದಿದ್ದರೆ, ವಕೀಲರ ಫೀಸೂ ಕೇಸಿನ ಖರ್ಚೂ ಆ ನಿಧಿಯಿಂದಲೇ ಬರಬೇಕು. ಇಲ್ಲದಿದ್ದರೆ ಉಳಿದವರದು ಬಿಟ್ಟಿ ಲಾಭ. ಇವತ್ತು ಇದಕ್ಕೆ ‘ಕಾಮನ್ ಫಂಡ್’ ತತ್ವ ಅಂತಾರೆ.

ಆದರೆ ವೋಸ್‌ಗೆ ಎಲ್ಲವೂ ಸಿಗಲಿಲ್ಲ. ತನ್ನ ಶ್ರಮಕ್ಕೆ ವರ್ಷಕ್ಕೆ 2,500 ಡಾಲರ್, ರೈಲು ಚಾರ್ಜು, ಹೋಟೆಲ್ ಬಿಲ್ಲು ಇವನ್ನೂ ಕೇಳಿದ್ದ. ಕೆಳಗಿನ ಕೋರ್ಟು ಒಪ್ಪಿತ್ತು, ಸುಪ್ರೀಂ ಕೋರ್ಟು ತಳ್ಳಿಹಾಕಿತು. ಸಾಲ ಕೊಟ್ಟವನು ಓಡಾಡಿದ್ದಕ್ಕೆ ಸಂಬಳ ಕೊಡ್ತಾ ಹೋದರೆ, ಕಂಡವರ ಆಸ್ತಿಯ ಉಸ್ತುವಾರಿಯಲ್ಲಿ ಮೂಗು ತೂರಿಸೋ ಆಸೆ ಹುಟ್ಟುತ್ತೆ ಅನ್ನೋದು ಬ್ರಾಡ್ಲಿಯ ಅಳುಕು.

ಮುಂದೆ, 1885ರ ಪೆಟಸ್ ಕೇಸಿನಲ್ಲಿ ವಕೀಲರೇ ನೇರವಾಗಿ ಕೋರ್ಟಿಗೆ ಬಂದರು. ಅಲಬಾಮಾದ ರೈಲ್ವೆಯೊಂದರ ಸಾಲದಾತರಿಗಾಗಿ ಹೋರಾಡಿ ಗೆದ್ದವರು ಅವರು. ತಮ್ಮನ್ನು ನೇಮಿಸಿರದ ಸಾಲದಾತರ ಪಾಲಿನಿಂದಲೂ ಫೀಸು ಕೊಡಿಸಿ ಅಂದರು. ಕೋರ್ಟು ಹಕ್ಕನ್ನು ಒಪ್ಪಿತು, ದರವನ್ನು ಒಪ್ಪಲಿಲ್ಲ. ಕೆಳಗಿನ ಕೋರ್ಟು ಕೊಟ್ಟಿದ್ದ ಶೇಕಡಾ 10ನ್ನು ಶೇಕಡಾ 5ಕ್ಕೆ ಇಳಿಸಿತು. ನೇಮಿಸಿಕೊಂಡವರ ಜೊತೆ ಮಾಡಿಕೊಂಡ ಕರಾರು ಬೇರೆ, ನೇಮಿಸಿಕೊಳ್ಳದವರಿಂದ ಕೋರ್ಟು ವಸೂಲು ಮಾಡಿಸೋ ಮೊತ್ತ ಬೇರೆ ಅನ್ನೋದು ಇದರಿಂದ ಗೊತ್ತಾಗುತ್ತೆ. 1980ರಲ್ಲಿ ಬೋಯಿಂಗ್ ಕಂಪನಿಯ ಕೇಸಿನಲ್ಲಿ ಇನ್ನೊಂದು ಹೆಜ್ಜೆ: ತಮ್ಮ ಪಾಲು ಕೇಳೋಕೆ ಬಾರದವರ ಹಣವೂ ಫೀಸಿನ ಲೆಕ್ಕಕ್ಕೆ ಸೇರುತ್ತೆ ಅಂತ ಸುಪ್ರೀಂ ಕೋರ್ಟು ಹೇಳಿತು.

ನಮ್ಮಲ್ಲಿ ದಾರಿ ಬೇರೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಒಬ್ಬ ಎಲ್ಲರ ಪರವಾಗಿ ದಾವೆ ಹೂಡಬಹುದು, ಆದರೆ ಎಲ್ಲರಿಗೂ ನೋಟಿಸ್ ಕೊಡೋ ಖರ್ಚು ಅವನದೇ. ಗೆದ್ದ ಹಣದಲ್ಲಿ ಇಷ್ಟು ಪರ್ಸೆಂಟ್ ಅಂತ ವಕೀಲರು ಫೀಸು ಗೊತ್ತು ಮಾಡೋ ಹಾಗಿಲ್ಲ, 2017ರ ಬಿ. ಸುನೀತಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಇದನ್ನೇ ಮತ್ತೆ ಹೇಳಿದೆ. ಒಳ್ಳೆಯ ನಿಯಮವೇ. ಆದರೆ ಇದರಿಂದ ಮುಂದೆ ನಿಲ್ಲೋರ ಕೈಯಿಂದಲೇ ಮೊದಲು ದುಡ್ಡು ಹೋಗುತ್ತೆ.

ಬ್ರಾಡ್ಲಿ ಅಳುಕಿಗೆ ಕಾರಣ ಇತ್ತು, ಒಪ್ತೀನಿ. ಆದರೂ ನಮ್ಮ ನಾಲ್ಕು ಮನೆಯವರು ಹಾಕಿದ ರಜೆಗಳು, ಕೋರ್ಟಿನ ಕಾರಿಡಾರಿನಲ್ಲಿ ಕಾದ ಮಧ್ಯಾಹ್ನಗಳು ಯಾವ ತೀರ್ಪಿನಲ್ಲೂ ಲೆಕ್ಕಕ್ಕೆ ಬರೋದಿಲ್ಲ ಅನ್ನೋದು ನನಗೆ ಪೂರ್ತಿ ನ್ಯಾಯ ಅನ್ನಿಸೋದಿಲ್ಲ. ನಿನ್ನೆ ರಾತ್ರಿ ನನ್ನ ಪಾಲಿನ ಫೀಸು ಕಳಿಸಿದೆ. ಅವರ ಆಟೋ ಖರ್ಚಿಗೆ ಅಂತ ಸ್ವಲ್ಪ ಜಾಸ್ತಿನೇ ಸೇರಿಸಿದೆ.